ಭೀಮವ್ವನ ಮುಯ್ಯಾಳು

ಆ ದಿನಗಳಲ್ಲಿ ಭೀಮವ್ವನ ಅಂಗಾಲಿಗೆ ನೆಲವೇ ತಾಗಲಿಲ್ಲ ಎನ್ನಬೇಕು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಯಾಕೆ ನಡೆದೆನೆಂಬುದು ಮರೆತಿರಬೇಕು. ಒರೆಸಿದ ವರಾಂಡವನ್ನೇ ಮತ್ತೆ ಒರೆಸಿದಳು. ಫಿನಾಯಿಲ್ ಬಕೆಟನ್ನು ಲಿಫ್ಟಿನ ಬಾಗಿಲಲ್ಲಿ ಬಿಟ್ಟು ಎರಡನೇ ಮಹಡಿಯೆಲ್ಲ ಹುಡುಕಾಡಿದಳು.

"ಭೀಮಕ್ಕಾ, ಶುಗರ್ ಏನಾರ ಏರೈತಾ ಒಂದ್ಸಲ ನೋಡಿಸ್ಕಳ್ರಿ" ಎಂದು ನರ್ಸ್ ಅಂಕಿತಾ ನಕ್ಕಳು.

ಭೀಮವ್ವ ನಗಲಿಲ್ಲ. ಅವಳ ಕಣ್ಣು ಅಂಕಿತಾಳ ಎದೆಯ ಮೇಲಿದ್ದ ಹಳದಿ ಬಿಲ್ಲೆಗೆ ಅಂಟಿಕೊಂಡಿತ್ತು.

ದಾವಣಗೆರೆಯ ಆ ಆಸ್ಪತ್ರೆ ಸರ್ಕಾರದ್ದಲ್ಲ, ಒಬ್ಬ ಸಾಹುಕಾರನದೂ ಅಲ್ಲ, ಒಂದು ಟ್ರಸ್ಟಿನದು. ಊರವರು ಕೈಯೆತ್ತಿ ಕೊಟ್ಟದ್ದರಲ್ಲಿ ಮೇಲೆದ್ದದ್ದು. ಈಗ ಕಿಡ್ನಿ ಕೆಟ್ಟವರಿಗಾಗಿ ಡಯಾಲಿಸಿಸ್ ವಾರ್ಡು ಮಾಡಬೇಕೆಂದು ಮತ್ತೆ ಕೈ ಚಾಚಿತ್ತು. ಮಂಡಿಯವರು ಕೊಟ್ಟರು, ಜವಳಿ ಅಂಗಡಿಯವರು ಕೊಟ್ಟರು. ಊರವರೇ ಕೊಡುವಾಗ ಮನೆಯವರು ಸುಮ್ಮನಿರಬಾರದೆಂದು, ಆಸ್ಪತ್ರೆಯಲ್ಲಿ ದುಡಿಯುವವರೂ ಒಂದು ದಿನದ ದುಡಿಮೆ ಕೊಡುವುದೆಂದು ಮಾತಾಯಿತು. ಕೊಟ್ಟವರ ಎದೆಗೆ ಒಂದು ಹಳದಿ ಬಿಲ್ಲೆ. ಡಾಕ್ಟರಿಗೂ ಅದೇ ಬಿಲ್ಲೆ, ಲಿಫ್ಟಿನವನಿಗೂ ಅದೇ ಬಿಲ್ಲೆ.

ಅಂಕಿತಾ ತನ್ನ ಮಹಡಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತ ಬಂದಳು. ಬಿಲ್ಲೆಗಳನ್ನು ಇಂಜೆಕ್ಷನ್ ಟ್ರೇಯಲ್ಲಿ ಜೋಡಿಸಿಕೊಂಡು, ಮದುವೆ ಮನೆಯಲ್ಲಿ ಎಲೆಯಡಿಕೆ ಹಿಡಿದು ಬರುವ ಹಾಗೆ ಬಂದಳು. ಭೀಮವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಳು. ಟ್ರೇ ಅವಳ ಮುಂದೆ ಬಂತು. ನಿಲ್ಲದೆ ಮುಂದಕ್ಕೆ ಹೋಯಿತು.

"ನಂಗೆ, ಸಿಸ್ಟರ್?"

"ನಿಮಗಿಲ್ಲ ಭೀಮಕ್ಕ. ಇದು ಕಾಯಂ ಇರೋರಿಗೆ ಮಾತ್ರ. ನಿಮ್ಮ ಸಂಬಳ ಏಜೆನ್ಸಿಯಿಂದ ಬರ್ತೈತಲ್ಲ?" ಅಂಕಿತಾ ಒಳ್ಳೆಯ ಹುಡುಗಿ, ಬೇಜಾರಾಗದಿರಲಿ ಎಂದು ಒಂದು ಮಾತು ಸೇರಿಸಿದಳು. "ನೀವು ಕೊಡೋದೇನು ಬ್ಯಾಡ. ನಿಮಗೇ ಕಷ್ಟ ಇರ್ತೈತೆ."

ಗಾಯಕ್ಕೆ ಬೆಣ್ಣೆ ಎಂದುಕೊಂಡು ಅವಳು ಸವರಿದ್ದು ಸುಣ್ಣ.

ಭೀಮವ್ವ ಹದಡಿಯಲ್ಲಿ ಹುಟ್ಟಿದವಳು, ನಿಟ್ಟುವಳ್ಳಿಗೆ ಸೊಸೆಯಾಗಿ ಬಂದವಳು. ಗಂಡ ಗುತ್ತೆಪ್ಪ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ನಿಂತು ನಿಂತು ಎದೆಗೆ ಹೊಗೆ ತುಂಬಿಕೊಂಡ. ಅವನು ಕಡೆಯ ಉಸಿರು ಬಿಟ್ಟದ್ದು ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ. ಆಗ ಮಗಳು ರೇವತಿಗೆ ಇನ್ನೂ ಜಡೆ ಹಾಕಿ ಶಾಲೆಗೆ ಕಳಿಸುವ ವಯಸ್ಸು. ಹನ್ನೊಂದನೆಯ ದಿನ ಕಳೆಯುತ್ತಿದ್ದಂತೆ ಭೀಮವ್ವ ಅದೇ ಮಹಡಿಯನ್ನು ಒರೆಸಲು ಬಂದಳು. ಅಂದಿನಿಂದ ಇಂದಿನವರೆಗೆ ಏಜೆನ್ಸಿಗಳು ಬದಲಾದವು, ಕೆಲಸದ ಕೋಟಿನ ಬಣ್ಣ ಹಸಿರು ಹೋಗಿ ಕಂದು ಬಂತು, ಕಂದು ಹೋಗಿ ನೀಲಿ ಬಂತು. ಭೀಮವ್ವ ಬದಲಾಗಲಿಲ್ಲ. ಯಾರಾದರೂ ಎಲ್ಲಿ ಕೆಲಸ ಎಂದು ಕೇಳಿದರೆ ಅವಳ ಬಾಯಲ್ಲಿ ಏಜೆನ್ಸಿಯ ಹೆಸರು ಬರುತ್ತಿರಲಿಲ್ಲ. "ನಮ್ಮ ಆಸ್ಪತ್ರ್ಯಾಗೆ" ಎನ್ನುತ್ತಿದ್ದಳು. ಆ "ನಮ್ಮ" ಎಂಬ ಮಾತಿನ ಮೇಲೆಯೇ ಈಗ ಟ್ರೇ ಹಾದುಹೋಗಿತ್ತು.

ಮಧ್ಯಾಹ್ನ ಮೆಟ್ಟಿಲ ಕೆಳಗೆ ಕೂತು ಬುತ್ತಿ ಬಿಚ್ಚಿದಾಗ ನಿಖತ್‌ಗೆ ಹೇಳಿದಳು. ನಿಖತ್ ಬದಲಿ ಕೆಲಸದವಳು. ಯಾರಿಗೆ ರಜೆಯೋ ಅವರ ಜಾಗಕ್ಕೆ ಬರುವವಳು. ಭೀಮವ್ವನ ವಾರದ ರಜೆ ಮಂಗಳವಾರ. ಆವತ್ತು ಎರಡನೇ ಮಹಡಿ ನಿಖತ್‌ಳದು.

"ಅಲ್ಲಕ್ಕಾ, ಕೊಡ್ರಿ ಅಂತ ಕೇಳಿದ್ರೆ ಅಳೋರನ್ನ ನೋಡೀನಿ. ಕೊಡಬ್ಯಾಡ ಅಂದದ್ದಕ್ಕೆ ಅಳೋಳು ನೀನೊಬ್ಬಾಕಿ!"

"ನಾ ಎಲ್ಲೇ ಅತ್ತೆ?"

"ಮತ್ತೆ ಈ ರೊಟ್ಟಿ ಯಾಕ ಹಂಗೇ ಐತೆ? ಇತ್ಲಾಗ ತಾ, ನಾ ತಿಂತೀನಿ."

"ಮದುವಿ ಮನ್ಯಾಗ ಮುಯ್ಯಿ ಮಾಡೋಕ್ ಹೋದೋಳಿಗೆ, ನಿನ್ನ ಮುಯ್ಯಿ ಬ್ಯಾಡ ನಡಿ ಅಂದ್ರೆ ಹೆಂಗಿರ್ತೈತೆ ಹೇಳು."

"ಊಟಾನೂ ಬ್ಯಾಡ ಅಂದ್ರೆ ಸಿಟ್ಟು ಮಾಡ್ಕೊ. ಮುಯ್ಯಿ ಬ್ಯಾಡ, ಊಟ ಮಾಡು ಅಂದ್ರೆ ಉಂಡು ಬರಬೇಕಪ್ಪಾ!" ಎಂದು ನಿಖತ್ ರೊಟ್ಟಿ ಮುರಿದಳು.

ಮಂಗಳವಾರ ಬಂತು. ರಜೆಯ ದಿನ ಬಸ್ಸು ಹತ್ತಿ ಹರಿಹರದ ಮಗಳ ಮನೆಗೆ ಹೋಗುವುದು ಭೀಮವ್ವನ ರೂಢಿ. ರೇವತಿಯ ಮನೆ ಹೊಳೆಯ ಹತ್ತಿರವೇ. ಅಳಿಯ ಶಿವಮೂರ್ತಿ ಶಿಫ್ಟಿಗೆ ಹೋಗಿರುತ್ತಾನೆ; ತಾಯಿ ಮಗಳು ಸೊಪ್ಪು ಸೋಸುತ್ತ, ಬೇಕಾದವರನ್ನೂ ಬೇಡವಾದವರನ್ನೂ ಸೋಸುತ್ತ ಹೊತ್ತು ಕಳೆಯುತ್ತಾರೆ. ಆವತ್ತು ಮಾತ್ರ ಭೀಮವ್ವ ಸೊಪ್ಪಿಗಿಂತ ಕಡ್ಡಿಯನ್ನೇ ಹೆಚ್ಚಾಗಿ ಪಾತ್ರೆಗೆ ಹಾಕಿದಳು. ರೇವತಿ ಬಾಯಿ ಬಿಡಿಸಿ ಕೇಳಿದಾಗ ಎಲ್ಲ ಹೇಳಿದಳು.

"ಅವ್ವಾ, ನಿಂಗೆ ಹುಚ್ಚು ಹಿಡದೈತಾ?" ಎಂದಳು ರೇವತಿ. "ಕಾಯಂ ಇರೋರಿಗೆ ಜ್ವರ ಬಂದ್ರೆ ಪುಕ್ಕಟೆ ಮಂಚ, ಪುಕ್ಕಟೆ ಔಷಧಿ. ನೀ ಬಿದ್ರೆ? ಚೀಟಿ ಮಾಡ್ಸಿ ಎಲ್ಲಾರ ಹಿಂದೆ ನಿಲ್ಲಬೇಕು. ಹೋದ ವರ್ಷ ಕಾಲು ಉಳುಕಿದಾಗ ನಿಂತಿದ್ಯಲ್ಲ, ನಾನೂ ಇದ್ನಲ್ಲ. ಅಂಥೋರಿಗೆ ನೀ ಕೊಡೋದೇನು?"

"ಕೊಟ್ಟಿಲ್ಲ ಅಂತಲೇ ನಿಲ್ಲಿಸಿದ್ರೇನೋ."

"ಇದೊಳ್ಳೆ ಕಥಿ ಆತು! ಸುಮ್ಕೆ ಕೂಡವ್ವ."

ಕೂಡು ಎಂದರೆ ಕೂಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹೊಳೆಯ ದಂಡೆಗೆ ಹೋಗಿ ಬರುತ್ತೇನೆಂದು ಎದ್ದಳು. ತುಂಗಭದ್ರೆ ಆ ಸಲ ತುಂಬಿರಲಿಲ್ಲ. ಮರಳ ದಿಣ್ಣೆಗಳ ನಡುವೆ ಬಳಸಿಕೊಂಡು ಹರಿಯುತ್ತಿತ್ತು. ಆಚೆ ದಡದ ಗದ್ದೆಯಲ್ಲಿ ಹೆಂಗಸರು ಸಾಲು ಹಿಡಿದು ಬಗ್ಗಿದ್ದರು, ನಾಟಿಯೋ ಕಳೆಯೋ ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಬಣ್ಣ ಬಣ್ಣದ ಬೆನ್ನುಗಳು ಮಾತ್ರ ಕಾಣುತ್ತಿದ್ದವು.

ಅವನ್ನು ನೋಡುತ್ತಿದ್ದಂತೆ ಹದಡಿ ನೆನಪಾಯಿತು. ಅವಳ ತವರಿನಲ್ಲಿ ಇದ್ದದ್ದು ಅಂಗೈಯಗಲ ಗದ್ದೆ. ನಾಟಿಗೆ ಕೂಲಿ ಕೊಟ್ಟು ಆಳು ಕರೆಯುವ ಶಕ್ತಿ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಆಳು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯ ಆಳು. ನಡುವೆ ಕಾಸಿನ ಮಾತಿಲ್ಲ. ಬಡವರ ಮನೆಯ ಆಳೆಂದು ಬೇಡ ಎನ್ನುವಂತಿಲ್ಲ. ಬೇಡ ಅಂದರೆ ಇನ್ನು ನಿಮಗೂ ನಮಗೂ ಹೊಕ್ಕುಬಳಕೆ ಇಲ್ಲ ಎಂದಂತೆ. ಜ್ವರದಲ್ಲಿ ಮಲಗಿದವಳ ಗದ್ದೆಗೂ ಬೆಳಗಾಗುವ ಮೊದಲು ಆಳು ಬಂದು ನಿಂತಿರುತ್ತಿತ್ತು, ಯಾಕೆಂದರೆ ಹಿಂದೆ ಅವಳು ಬಂದಿದ್ದಳಲ್ಲ.

"ಅವರು ಒಂದು ದಿನದ ದುಡಿಮೆ ಕೊಡ್ತಾರೆ. ನಾನೂ ಒಂದು ದಿನ ದುಡೀತೀನಿ. ಇದಕ್ಕೆ ಯಾವ ಏಜೆನ್ಸಿ ಬೇಕು?" ಎಂದು ಭೀಮವ್ವ ಹೊಳೆಗೆ ಕೇಳುವ ಹಾಗೆ ಗಟ್ಟಿಯಾಗಿಯೇ ಅಂದುಬಿಟ್ಟಳು. ಬಟ್ಟೆ ಒಗೆಯುತ್ತಿದ್ದವಳೊಬ್ಬಳು ತಲೆಯೆತ್ತಿ ನೋಡಿದಳು.

ಮುಂದಿನ ಮಂಗಳವಾರ ಅವಳು ಹರಿಹರದ ಬಸ್ಸು ಹತ್ತಲಿಲ್ಲ. ಮಿಂದು, ನೀಲಿ ಕೋಟು ಬಿಟ್ಟು, ಗುಳೇದಗುಡ್ಡದ ಕುಪ್ಪಸ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಮೊದಲ ಪಾಳಿಯವರು ಬರುವ ಮುಂಚೆಯೇ ಆಸ್ಪತ್ರೆಯ ಬಾಗಿಲಿಗೆ ಬಂದಳು. ಬಾಗಿಲ ಪಕ್ಕದಲ್ಲಿ ಹಾಜರಿಯ ಹೆಬ್ಬೆಟ್ಟಿನ ಯಂತ್ರ. ಎಷ್ಟೋ ವರ್ಷಗಳ ರೂಢಿಯ ಕೈ. ದೇವರ ಮನೆಯ ಹೊಸಿಲು ಕಂಡರೆ ಬಗ್ಗುವ ತಲೆಯ ಹಾಗೆ ಆ ಕೈ ತಾನೇ ಮೇಲೆದ್ದು ಹೆಬ್ಬೆಟ್ಟು ಒತ್ತಿತು. ಯಂತ್ರ ಕೀಚ್ ಎಂದು ಹಸಿರು ದೀಪ ತೋರಿತು. ಭೀಮವ್ವನಿಗೆ ಅದು ಲಕ್ಷ್ಯಕ್ಕೇ ಬರಲಿಲ್ಲ.

ಆವತ್ತು ಅವಳು ಎರಡನೇ ಮಹಡಿಯನ್ನು ತೊಳೆದದ್ದು ಹಬ್ಬದ ಮನೆ ತೊಳೆದ ಹಾಗೆ. ಮಂಚದ ಗಾಲಿಗಳಿಗೆ ಸುತ್ತಿಕೊಂಡ ಕೂದಲು ಬಿಡಿಸಿದಳು, ಕಿಟಕಿಯ ಸಂದಿಯ ಪಾರಿವಾಳದ ಹಿಕ್ಕೆ ಕೆರೆದಳು. ಗುತ್ತೆಪ್ಪ ಮಲಗಿದ್ದ ಮೂಲೆಯ ಮಂಚದಲ್ಲಿ ಆವರಗೆರೆಯ ಒಬ್ಬ ಅಜ್ಜ ಇದ್ದ. "ಏನವ್ವಾ, ನಿನ್ನ ಮಗಳ ಲಗ್ನನಾ ಇವತ್ತು? ಈ ಪರಿ ಉಜ್ಜಾಕತ್ತೀಯ" ಎಂದ. ಅವಳಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಸಂಜೆ ಮನೆಗೆ ಹೋಗಿ ಗಡದ್ದಾಗಿ ಉಂಡು ಮಲಗಿದಳು. ಆ ದಿನಗಳಲ್ಲಿ ಅವಳು ಸರಿಯಾಗಿ ನಿದ್ದೆ ಮಾಡಿದ್ದು ಅದೊಂದೇ ದಿನ.

ಮಾರನೆಯ ದಿನ ಬೆಳಿಗ್ಗೆ ಗೇಟಿನಲ್ಲೇ ನಿಖತ್ ಸಿಕ್ಕಳು. ದುಪಟ್ಟಾ ಬಿಗಿದಿದ್ದಳು, ಮುಖ ಅದಕ್ಕಿಂತ ಬಿಗಿದಿತ್ತು.

"ನೀನು ಹಿಂಗ್ ಮಾಡ್ತಿ ಅಂತ ಗೊತ್ತಿರಲಿಲ್ಲ ಬಿಡಕ್ಕ."

"ಏನ್ ಮಾಡಿದೆನೇ?"

"ನಿನ್ನೆ ನಾ ಬಂದ್ರೆ ಸೂಪರ್‌ವೈಸರ್ ಪ್ರಶಾಂತ ಏನಂದ ಗೊತ್ತಾ? ಎರಡನೇ ಮಹಡಿ ಆಳು ತುಂಬೈತೆ, ಭೀಮವ್ವ ಹೆಬ್ಬೆಟ್ಟು ಒತ್ಯಾಳ, ನೀ ಮನಿಗೋಗು ಅಂದ. ಇಲ್ಲಿತನಕ ಬಂದ ಆಟೋ ಚಾರ್ಜೂ ದಂಡ. ರಜೆ ಮಾರ್ಕೊಂಡು ದುಡ್ಯಾಕೆ ಹೊಂಟೀಯಾ? ಅಷ್ಟು ಆಸಿ ಇದ್ರೆ ಒಂದು ಮಾತು ಹೇಳೋದಲ್ವಾ?"

"ಅಯ್ಯೋ ಶಿವನೇ! ದುಡ್ಡಿಗಲ್ಲೇ ಬಂದಿದ್ದು. ಪುಕ್ಕಟೆ ಮಾಡಾಕ್ ಬಂದಿದ್ದೆ, ಮುಯ್ಯಾಳಿಗೆ. ನೀ ಕಾಣಲಿಲ್ಲ ಅಂದ್ರೆ ಬ್ಯಾರೆ ಮಹಡಿಗೆ ಹೋಗಿರ್ತಿ ಅಂದ್ಕೊಂಡೆ."

"ಪುಣ್ಯ ನಿಂಗೆ, ಪೆಟ್ಟು ನನ್ನ ಹೊಟ್ಟಿಗೆ. ಚಲೋ ಹಂಚಿದಿ ಬಿಡು!"

ಭೀಮವ್ವ ಸೀದಾ ಸೂಪರ್‌ವೈಸರ್ ಪ್ರಶಾಂತನ ಹತ್ತಿರ ಹೋದಳು. ಅವನು ಏಜೆನ್ಸಿಯ ಕಡೆಯವನು, ಒಂದು ಕಿವಿ ಯಾವಾಗಲೂ ಫೋನಿನಲ್ಲೇ ಇಟ್ಟವನು.

"ಪ್ರಶಾಂತಣ್ಣ, ನಿನ್ನೆ ದಿನ ನಂದಲ್ಲ, ನಿಖತ್‌ಂದು ಅಂತ ಮಾಡು."

"ಯಂತ್ರ ಸುಳ್ಳು ಹೇಳ್ತೈತಾ ಭೀಮವ್ವ? ನಿಮ್ಮ ಬೆಟ್ಟು ಅದು. ನಿಮ್ಮ ಲೆಕ್ಕಕ್ಕೆ ಬಂದಾತು. ಎಲ್ಲಾರೂ ಇನ್ನೊಂದು ದಿನ ಕೊಡು ಕೊಡು ಅಂತ ಪ್ರಾಣ ತಿಂತಾರ, ನೀವು ಬ್ಯಾಡ ಅಂತೀರಿ."

"ಹಂಗಾರೆ ಇವತ್ತು ನಾ ರಜೆ. ಅವಳು ಮಾಡ್ಲಿ."

"ಯಾರಾದ್ರೂ ಒಬ್ರು ಮಾಡ್ರಪ್ಪಾ, ಮಹಡಿ ಖಾಲಿ ಇರಬಾರದು ಅಷ್ಟೇ."

ಹೀಗೆ ಬುಧವಾರ ನಿಖತ್ ಬಕೆಟ್ ಹಿಡಿದು ಮೇಲೆ ಹೋದಳು, ಭೀಮವ್ವ ನಿಟ್ಟುವಳ್ಳಿಯ ಮನೆಗೆ ವಾಪಸು ಬಂದಳು. ನಿಖತ್‌ಳ ಹೊಟ್ಟೆಯ ಪೆಟ್ಟು ವಾಸಿಯಾಯಿತು. ಆದರೆ ಮನೆಯ ಹೊಸಿಲು ದಾಟುವಾಗ ಭೀಮವ್ವನಿಗೆ ಥಟ್ಟನೆ ಹೊಳೆಯಿತು: ಮಂಗಳವಾರ ದುಡಿದದ್ದಕ್ಕೆ ಕೂಲಿ ಬರುತ್ತದೆ, ಬುಧವಾರ ಮನೆಯಲ್ಲಿ ಕೂತದ್ದು ರಜೆ. ಅಂದರೆ ಅವಳು ಕೊಟ್ಟದ್ದೇನು? ರಜೆಯನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸಿದ್ದಳು, ಅಷ್ಟೇ. ಪಾರಿವಾಳದ ಹಿಕ್ಕೆ ಕೆರೆದದ್ದೂ, ಗಾಲಿಯ ಕೂದಲು ಬಿಡಿಸಿದ್ದೂ ಎಲ್ಲ ಕೂಲಿಯೊಳಗೆ ಕರಗಿ ಹೋಗಿತ್ತು.

ಆ ದಿನ ಮನೆಯಲ್ಲಿ ಅವಳು ಪಟ್ಟ ಚಡಪಡಿಕೆ ಯಾರಿಗೂ ಬೇಡ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದಳು, ಹಾಲು ಉಕ್ಕಿತು. ಅದನ್ನು ಒರೆಸುತ್ತ ಅರ್ಧಕ್ಕೇ ಬಿಟ್ಟು ಬೀದಿಗೆ ಇಳಿದಳು. ಹಿಂದಿನ ವರ್ಷ ಕಾಲು ಉಳುಕಿದ ದಿನ ಸಾಲಿನಲ್ಲಿ ನಿಂತಿದ್ದಾಗ, ತಾನೇ ಬೆಳಿಗ್ಗೆ ಒರೆಸಿದ ನೆಲದ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದು ಕಣ್ಣಿಗೆ ಕಟ್ಟಿತು. ಆಗ ಇಷ್ಟು ನೋವಾಗಿರಲಿಲ್ಲ. ಆಗ ಅವಳು ತನ್ನನ್ನು ಹೊರಗಿನವಳೆಂದು ತಿಳಿದಿರಲಿಲ್ಲ. ಮನೆಯಲ್ಲಿ ಮನೆಯವರು ಕಡೆಗೆ ಉಣ್ಣುವುದಿಲ್ಲವೆ, ಹಾಗೆ ಎಂದುಕೊಂಡಿದ್ದಳು. ಈಗ ಮಾತ್ರ ಯಾರನ್ನಾದರೂ ಕೇಳಿಯೇ ತೀರಬೇಕು ಎನಿಸಿತು. ಪ್ರಶಾಂತನನ್ನು ಕೇಳಿ ಸುಖವಿಲ್ಲ. ಹುತ್ತ ಬಡಿದರೆ ಹಾವು ಸಾಯುತ್ತದೆಯೆ?

ಗುರುವಾರ ಕೆಲಸ ಮುಗಿಸಿ, ನೀಲಿ ಕೋಟಿನಲ್ಲೇ, ಆಡಳಿತಾಧಿಕಾರಿ ನಾಗಭೂಷಣ್ ಅವರ ಕೋಣೆಯ ಮುಂದೆ ನಿಂತಳು. ಒರೆಸಲು ಆ ಕೋಣೆಗೆ ಎಷ್ಟೋ ಸಲ ಹೋಗಿದ್ದಳು. ಮಾತಾಡಲು ಹೋದದ್ದು ಇದೇ ಮೊದಲು. ಅವರ ಅಂಗಿಯ ಮೇಲೂ ಹಳದಿ ಬಿಲ್ಲೆ ಇತ್ತು.

"ಬರ್ರಿ ಭೀಮವ್ವ. ಪ್ರಶಾಂತ ಹೇಳಿದ, ಏನೋ ರಜೆ ಗಲಾಟೆ ಅಂತ."

"ಗಲಾಟೆ ಏನಿಲ್ಲ ಸಾರ್. ನಂದೊಂದು ದಿನದ ದುಡಿಮೆ ತಗೋಬೇಕು ನೀವು."

ನಾಗಭೂಷಣ್ ಕನ್ನಡಕ ತೆಗೆದರು. "ನೋಡ್ರಿ, ನಿಮ್ಮ ಸಂಬಳ ನಮ್ಮ ಕೈಯಾಗಿಲ್ಲ. ಇದರಾಗೆ ಅವಮಾನ ಏನೂ ಇಲ್ಲ. ನಿಮ್ಮಂಥೋರಿಗೆ ತೊಂದರೆ ಕೊಡಬಾರದು ಅಂತಲೇ ಕೇಳಿಲ್ಲ. ಕೊಡಲೇಬೇಕು ಅಂದ್ರೆ ಕೆಳಗೆ ಸಾರ್ವಜನಿಕರ ಕೌಂಟರ್ ಐತಲ್ಲ, ಅಲ್ಲಿ ಕೈಲಾದಷ್ಟು ಹಾಕ್ರಿ."

"ಅದು ಊರವರಿಗೆ, ಸಾರ್. ನಾ ಊರವಳಾ?"

ಅವರು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸಿಟ್ಟರು.

"ದುಡ್ಡು ಬ್ಯಾಡ. ನೆಲಮಹಡ್ಯಾಗೆ ಹಳೇ ಸ್ಟೋರ್ ರೂಮ್ ಐತಲ್ಲ, ಅದನ್ನೇ ಡಯಾಲಿಸಿಸ್ ವಾರ್ಡು ಮಾಡ್ತಾರಂತೆ. ಸಾಮಾನು ತೆಗೆದು ಎಷ್ಟು ದಿನ ಆತು. ನೆಲ ನೋಡಿದೀರಾ? ಸಿಮೆಂಟು, ಬಣ್ಣ, ಇಲಿ ಹಿಕ್ಕಿ. ಅದು ಯಾರ ಪಾಳಿಗೂ ಇಲ್ಲ, ನಾ ಮಾಡಿದ್ರೆ ಯಾರ ಕೂಲೀನೂ ಹೋಗಲ್ಲ. ಮಂಗಳವಾರ ಬರ್ತೀನಿ. ಈ ಸಲ ಹೆಬ್ಬೆಟ್ಟು ಒತ್ತಲ್ಲ, ಹಿಂದಿನ ಬಾಗಿಲಿಂದ ಬರ್ತೀನಿ. ನಮ್ಮ ಹದಡ್ಯಾಗೆ ಮಾಡ್ತಿದ್ವಲ್ಲ, ಹಂಗೆ ಮುಯ್ಯಾಳು ಅಂತ ತಗೋಳ್ರಿ."

ನಾಗಭೂಷಣ್ ಅವರ ಮುಖ ಸಡಿಲವಾಯಿತು. "ಮುಯ್ಯಾಳು! ಆ ಮಾತು ಕೇಳಿ ಎಷ್ಟು ವರ್ಷ ಆತು. ನಮ್ಮಜ್ಜಿ ಅಂತಿದ್ಲು." ಮರುಗಳಿಗೆ ನಕ್ಕರು. "ಮುಯ್ಯಾಳು ಅಂದ್ರೆ ನಾವೂ ತಿರುಗಿ ನಿಮ್ಮ ಹೊಲಕ್ಕೆ ಬರಬೇಕಲ್ಲ. ಎಲ್ಲೈತೆ ನಿಮ್ಮ ಹೊಲ, ಹದಡ್ಯಾಗಾ?"

"ಅದು ಅಣ್ಣ ತಮ್ಮಂದಿರ ಪಾಲಾತು, ಸಾರ್." ಭೀಮವ್ವ ಕೋಟಿನ ಗುಂಡಿಯನ್ನು ತಿರುವುತ್ತ ನಿಂತಿದ್ದಳು. "ನನ್ನ ಹೊಲ ಅಂದ್ರೆ ಈ ಮೈ. ಇವತ್ತಲ್ಲ ನಾಳೆ ಒಂದು ದಿನ ಇದೂ ಮಲಗ್ತೈತೆ. ಆವತ್ತು ಬಂದ್ರೆ ಆತು."

ನಾಗಭೂಷಣ್ ಅವರ ನಗು ಇದ್ದಲ್ಲೇ ನಿಂತಿತು. ಕನ್ನಡಕವನ್ನು ಎತ್ತಿಕೊಂಡರು, ಹಾಕಿಕೊಳ್ಳಲಿಲ್ಲ. ಅವರೇನು ಕೆಟ್ಟವರಲ್ಲ, ಆಗುವುದಿಲ್ಲ ಎಂದು ಗೊತ್ತಿರುವ ಮಾತನ್ನು ಆಗುತ್ತದೆ ಎನ್ನಲು ಬಾಯಿ ಬಾರದವರು.

"ಅಲ್ಲಿ ಜಾರಿ ಬಿದ್ದು ಪೆಟ್ಟಾದ್ರೆ ಯಾರು ಹೊಣೆ, ಭೀಮವ್ವ?"

"ಅದನ್ನೇ ನಾ ಕೇಳ್ತಿರೋದು ಸಾರ್."

ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಆಮೇಲೆ ನಾಗಭೂಷಣ್ ಮೇಜಿನ ಖಾನೆ ಎಳೆದು, ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ, ಅವಳ ಕೈಗೆ ಕೊಡದೆ ಮೇಜಿನ ಅಂಚಿನಲ್ಲಿಟ್ಟರು.

"ಒಬ್ರೇ ಭಾರ ಎತ್ತಬ್ಯಾಡ್ರಿ. ನೀವಂದ ಇನ್ನೊಂದು ಮಾತು, ಮಲಗಿದ ದಿನದ್ದು… ಅದು ನನ್ನೊಬ್ಬನ ಕೈಯಾಗಿಲ್ಲ. ಟ್ರಸ್ಟಿನೋರ ಮುಂದೆ ಇಟ್ಟು ನೋಡೋಣ."

ನೋಡೋಣ ಎಂಬ ಮಾತಿನ ತೂಕ ಭೀಮವ್ವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೀಗದ ಕೈಯನ್ನು ಎತ್ತಿಕೊಂಡಳು.

ಮಂಗಳವಾರ ಹಿಂದಿನ ಬಾಗಿಲಿನಿಂದ ಬಂದಳು. ಸ್ಟೋರ್ ರೂಮಿಗೆ ಹೋಗುವ ಮೊದಲು ಎರಡನೇ ಮಹಡಿಗೆ ಹತ್ತಿ, ನಿಖತ್ ಕೆಲಸಕ್ಕೆ ನಿಂತಿದ್ದಾಳೋ ಇಲ್ಲವೋ ಎಂದು ಇಣುಕಿ ನೋಡಿದಳು.

"ನೋಡು ಬಂದ್ಲು, ದಾನಶೂರಿ!" ಎಂದು ನಿಖತ್ ಅಲ್ಲಿಂದಲೇ ಕೂಗಿದಳು. "ಒತ್ತಿಲ್ಲ ತಾನೆ ಹೆಬ್ಬೆಟ್ಟು?"

"ಇಲ್ಲ ಕಣೇ ಮಾರಾಯ್ತಿ. ಸೆರಗಿನಾಗ ಕೈ ಸುತ್ಕೊಂಡೇ ಬಂದೆ."

"ಹುಷಾರಕ್ಕಾ. ಆ ಕೈಗೆ ನಿನ್ನ ಮಾತು ಕೇಳೋ ರೂಢಿ ಇಲ್ಲ."

ಸ್ಟೋರ್ ರೂಮಿನ ಗಾಳಿ ಮುಚ್ಚಿದ ಕಣಜದ ಹಾಗಿತ್ತು. ಕಿಟಕಿ ತೆರೆದು, ಕಸ ಎಳೆದು, ನೀರು ಚೆಲ್ಲಿ, ಮಂಡಿಯೂರಿ ಸಿಮೆಂಟಿನ ಹಕ್ಕಳೆಗಳನ್ನು ಕೆರೆಯತೊಡಗಿದಳು. ಕೆರೆದಷ್ಟೂ ಒಳಗಿನಿಂದ ಹಳೆಯ ನೆಲ ಮೇಲೆ ಬಂತು. ಒಳ್ಳೆಯ ಕಪ್ಪು ಕಡಪ ಕಲ್ಲು. ಕೈ ಅಲ್ಲಿದ್ದರೂ ಮನಸ್ಸು ಮಾತ್ರ ಮೇಲಿನ ಆ ಕೋಣೆಗೂ ಇಲ್ಲಿಗೂ ಓಡಾಡುತ್ತಿತ್ತು. ಟ್ರಸ್ಟಿನವರು ಯಾವಾಗ ಸೇರುತ್ತಾರೋ. ಸೇರಿದರೆ ಆ ಮಾತು ಎತ್ತುತ್ತಾರೋ ಇಲ್ಲವೋ. ಎತ್ತಿದರೆ ನಗುತ್ತಾರೋ ಏನೋ.

ಫೋನು ಹೊಡೆದುಕೊಂಡಿತು. ಹರಿಹರದಿಂದ ರೇವತಿ.

"ಅವ್ವಾ, ಬಸ್ ಹತ್ತಿದ್ಯಾ? ನಿನ್ನಳಿಯ ಮಿರ್ಚಿ ತಂದಿಟ್ಟಾರ, ಆರಿ ಹೋಗ್ತವೆ."

"ಬರಾಕಾಗಲ್ಲವ್ವ ಇವತ್ತು. ಇಲ್ಲಿ ಕೆಲಸ ಐತೆ."

"ಹೋದ ವಾರಾನೂ ಇಲ್ಲ, ಈ ವಾರಾನೂ ಇಲ್ಲ. ಮತ್ತೆ ಅದೇ ಹುಚ್ಚಾ? ಸಾಹೇಬ್ರನ್ನ ಕೇಳ್ತೀನಿ ಅಂದಿದ್ಯಲ್ಲ, ಏನಂದ್ರು? ನೀ ಬಿದ್ರೆ ನೋಡ್ಕೋತೀವಿ ಅಂದ್ರಾ?"

"ಅನ್ಲಿಲ್ಲ."

"ಕೇಳಿಸ್ಕೊಂಡ್ಯಾ? ಅನ್ಲಿಲ್ಲ! ಮತ್ಯಾಕವ್ವ ಮಂಡಿ ಸವಿಸ್ಕಳ್ತೀಯ?"

"ಬ್ಯಾಡ ಅಂತಲೂ ಅನ್ಲಿಲ್ಲ, ರೇವತಿ. ಬೀಗದ ಕೈ ಕೊಟ್ರು. ನನ್ನ ಆಳು ನಾ ಹಾಕ್ದೆ. ಇನ್ನು ಅವರ ಸರದಿ."

"ಅವರು ಬರದಿದ್ರೆ?"

ಹದಡಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ, ಹಾಗಾಗಿ ಅದಕ್ಕೆ ಉತ್ತರವನ್ನೂ ಯಾರೂ ಕಲಿಸಿರಲಿಲ್ಲ.

"ಮಿರ್ಚಿ ನೀವೇ ತಿನ್ರಿ" ಎಂದು ಫೋನಿಟ್ಟಳು. ಬಾಗಿಲಿನತ್ತ ಒಮ್ಮೆ ನೋಡಿದಳು, ಯಾರೂ ಬಂದಿರಲಿಲ್ಲ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಮುಂದಿನ ಕಲ್ಲಿಗೆ ಸರಿದಳು.